ಈ ಸಂಖ್ಯೆಗೆ ಇಂದು ಸರದಿ ಇಲ್ಲ

ಮೂರ್ಖರನ್ನು ಕಂಡರೆ ನನಗಾಗುವುದಿಲ್ಲ. ಇಪ್ಪತ್ತೆರಡು ವರ್ಷ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳಿದವನಿಗೆ ಅಷ್ಟಾದರೂ ಹಕ್ಕು ಬೇಡವೇ? ವರ್ಷಕ್ಕೆ ಎರಡು ತಂಡ, ತಂಡಕ್ಕೆ ನಲವತ್ತು ತಲೆ. ಆ ತಲೆಗಳೊಳಗೆ ವೆಬ್‌ಸೈಟು ಕಟ್ಟುವ ಪಿಎಚ್‌ಪಿ ಭಾಷೆಯನ್ನು ತುಂಬಿಸುವುದು ನನ್ನ ಕೆಲಸ. ತುಂಬಿದ್ದೆಷ್ಟು, ಸೋರಿದ್ದೆಷ್ಟು ಎಂದು ಯೋಚಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಪಾಠ ಮುಗಿಸಿ ಸೀಮೆಸುಣ್ಣದ ಕೈ ಕೊಡವಿಕೊಂಡರೆ ನನ್ನ ಋಣ ಹರಿಯಿತು ಅಂದುಕೊಂಡವನು ನಾನು.

ನನ್ನ ಅತ್ತೆ ಮಾತ್ರ ಮೂರ್ಖರ ಪಟ್ಟಿಯಲ್ಲಿಲ್ಲ. ಅವರ ಮೇಲಿನ ನನ್ನ ಅಸಮಾಧಾನವೇ ಬೇರೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ದೂರದೂರುಗಳಿಗೆ ಟ್ರಂಕ್ ಕಾಲ್ ಜೋಡಿಸಿದ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ ಏನು ಹೇಳಲಿದ್ದೇನೆ ಎಂದು ಗೊತ್ತಿರುವ ಮುಖ ಮಾಡುತ್ತಾರೆ. ನನ್ನನ್ನು ಕರೆಯುವುದು 'ಅಳಿಯಂದಿರೇ' ಎಂದು. ಆ ಬಹುವಚನದಲ್ಲಿ ಮರ್ಯಾದೆ ಎಷ್ಟು, ಕುಹಕ ಎಷ್ಟು ಎಂಬುದು ಮದುವೆಯಾಗಿ ಹದಿನೇಳು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಅವರ ಎರಡೂ ಕಿಡ್ನಿಗಳು ಕೈಕೊಟ್ಟು ಒಂದು ವರ್ಷವಾಯಿತು. ಮಂಗಳವಾರ, ಗುರುವಾರ, ಶನಿವಾರ, ಮಧ್ಯಾಹ್ನ ಹನ್ನೆರಡೂವರೆಗೆ ಡಯಾಲಿಸಿಸ್. ರಕ್ತವನ್ನೆಲ್ಲ ಯಂತ್ರದೊಳಗೆ ಹರಿಸಿ, ತೊಳೆದು, ವಾಪಸ್ ಮೈಗೆ ಬಿಡಲು ನಾಲ್ಕು ಗಂಟೆ. ಹೆಂಡತಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹಗಲು ಪಾಳಿ, ನನಗೆ ಸಂಜೆ ತರಗತಿ. ಆದ್ದರಿಂದ ಕರೆದೊಯ್ಯುವ ಕೆಲಸ ನನ್ನ ತಲೆಗೆ ಬಂತು. ಹೋದ ವಾರ ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ ಗೊಣಗಿದ್ದೆ: "ವಾರದಲ್ಲಿ ಮೂರು ದಿನ ನನ್ನ ಆಯಸ್ಸು ಆ ಕಾರಿಡಾರಲ್ಲೇ ಸವೀತಿದೆ. ಹೀಗೆ ಎಷ್ಟು ದಿನ?" ಬಾಗಿಲು ಹಾಕಿದೆ ಎಂದು ನಾನು ತಿಳಿದಿದ್ದೆ.

ಈಗ ಆ ಡಯಾಲಿಸಿಸ್ ಕೇಂದ್ರದ ವಿಷಯ. ಮೂರು ವಾರದ ಹಿಂದಿನವರೆಗೆ ಅಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಹಿರಿಯ ನರ್ಸ್ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿ, ಹೆಸರಿನ ಮುಂದೆ ಟಿಕ್ ಹಾಕಿ, "ಏಳನೇ ಮಶೀನು, ಹೋಗಮ್ಮ" ಎನ್ನುತ್ತಿದ್ದರು. ಅದು ಚೆನ್ನಾಗಿ ನಡೆಯುತ್ತಿತ್ತು. ಚೆನ್ನಾಗಿ ನಡೆಯುವುದನ್ನು ಕಂಡರೆ ಸಹಿಸದ ಒಂದು ವರ್ಗದ ಜನ ಪ್ರಪಂಚದಲ್ಲಿದ್ದಾರೆ. ಅವರನ್ನು ಮ್ಯಾನೇಜರ್ ಎನ್ನುತ್ತಾರೆ. ಇಲ್ಲಿನವನು ರಿಜಿಸ್ಟರನ್ನು ಕಪಾಟಿಗೆ ಹಾಕಿಸಿ 'ಸರದಿ ವ್ಯವಸ್ಥೆ' ಎಂಬ ವೆಬ್‌ಸೈಟು ಮಾಡಿಸಿದ. ರಿಬ್ಬನ್ ಕತ್ತರಿಸಿದ್ದಾಯಿತು, ಫೋಟೋ ತೆಗೆಸಿ ಗೋಡೆಗೆ ಹಾಕಿದ್ದಾಯಿತು. ಕಾಯುವ ಹಾಲಿನಲ್ಲಿ ಐದು ಟಿವಿಗಳು ಬಂದವು. ಐದರಲ್ಲೂ ಒಂದೇ ಪಟ್ಟಿ. ಕುಳಿತುಕೊಳ್ಳುವ ಕುರ್ಚಿಗಳಲ್ಲಿ ಮೂರಕ್ಕೆ ಬೆನ್ನಿಲ್ಲ, ಒಂದಕ್ಕೆ ಕಾಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಲ್ಲ.

ಆ ಮಂಗಳವಾರ ಕೌಂಟರಿನಾಕೆ ಅತ್ತೆಯ ಕಾರ್ಡಿನ ಸಂಖ್ಯೆ ಒತ್ತಿ, ಪರದೆ ನೋಡಿ, "ಇವತ್ತು ನಿಮ್ಮ ಸರದಿ ಇಲ್ಲ" ಎಂದಳು.

"ಮಂಗಳವಾರ ಅಲ್ವಾ ಇವತ್ತು?" ಅತ್ತೆ ಕೇಳಿದರು.

"ಮಂಗಳವಾರಾನೇ. ಆದ್ರೆ ನಿಮಗೆ ಇಲ್ಲ. ಹೊಸ ವ್ಯವಸ್ಥೆ ಬಂದ್ಮೇಲೆ ಕೆಲವರದ್ದು ದಿನ ಬದಲಾಗಿದೆ ಅಂತಾರೆ."

ನಮ್ಮ ಹಿಂದಿದ್ದವರ ಸಂಖ್ಯೆ ಒತ್ತಿದಾಗ ಸರದಿ ಬಂತು. ಅವರ ಹಿಂದಿನವರಿಗೂ ಬಂತು. ಅತ್ತೆ ಕೌಂಟರಿನ ಅಂಚು ಹಿಡಿದು ನಿಂತೇ ಇದ್ದರು. "ಇನ್ನೊಂದ್ಸಲ ನೋಡಮ್ಮ. ಒಂದು ವರ್ಷದಿಂದ ಬರ್ತಾ ಇದೀನಿ, ನನಗೆ ದಿನ ಮರೆಯಲ್ಲ."

ಆಗ ನಾನು ಆಡಿದ ಮಾತು ಇದು: "ಅತ್ತೆ, ಕಂಪ್ಯೂಟರ್ ಸುಳ್ಳು ಹೇಳಲ್ಲ. ನಿಮಗೇ ಏನೋ ಗೊಂದಲ ಆಗಿದೆ. ಬನ್ನಿ, ಸುಮ್ನೆ ಜನರ ಮುಂದೆ ನಿಲ್ಬೇಡಿ."

ಅತ್ತೆ ನನ್ನನ್ನು ಒಮ್ಮೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತೆಪ್ಪಗೆ ಬಂದು ಕಾರಿನಲ್ಲಿ ಕೂತರು. ಅಂಥ ಹೆಂಗಸು ದಾರಿಯುದ್ದಕ್ಕೂ ನನ್ನ ಗೇರು, ಬ್ರೇಕು, ಹಾರ್ನು ಯಾವುದರ ಬಗ್ಗೆಯೂ ಚಕಾರ ಎತ್ತಲಿಲ್ಲ. ನನಗೆ ಹಾಯೆನಿಸಿತು ಎಂದೂ ಹೇಳಿಬಿಡುತ್ತೇನೆ. ಮನೆಯಲ್ಲಿ ಮಗಳಿಗೆ, "ಈ ವಾರ ಮಂಗಳವಾರ ಇಲ್ವಂತೆ" ಎಂದಷ್ಟೇ ಹೇಳಿ ಕೋಣೆಗೆ ಹೋದರು.

ಗುರುವಾರ ಬೆಳಿಗ್ಗೆ ಅವರ ಕಾಲಿಗೆ ಚಪ್ಪಲಿ ಹಿಡಿಯಲಿಲ್ಲ. ಶನಿವಾರದ ನಂತರ ಯಂತ್ರ ಕಂಡಿರಲಿಲ್ಲ, ಐದು ದಿನದ ನೀರು ಮೈಯಲ್ಲೇ ನಿಂತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬುಗಳಿಗೆ ಒರಗಿ ಕೂತೇ ಇದ್ದರಂತೆ. ಹೆಂಡತಿ ಕೆಲಸಕ್ಕೆ ಹೊರಡುವಾಗ ನನ್ನ ತೋಳು ಹಿಡಿದು ಹೇಳಿದಳು: "ನೋಡ್ರೀ, ಇವತ್ತು ಏನೇ ಆಗ್ಲಿ, ಅಮ್ಮನ್ನ ಮಶೀನಿಗೆ ಹಾಕಿಸ್ದೆ ವಾಪಸ್ ಕರ್ಕೊಂಡು ಬರ್ಬೇಡಿ. ಇನ್ನೊಂದು ಸಲ ತಪ್ಪಿದ್ರೆ ಆ ನೀರು ಎದೆಗೆ ತುಂಬುತ್ತೆ. ಆಮೇಲೆ ನಾನು ಯಾರನ್ನ ಅಮ್ಮ ಅಂತ ಕರೀಲಿ?"

ನನ್ನ ಹಳೆಯ ಚಪ್ಪಲಿ ಹಾಕಿಕೊಂಡು ಅತ್ತೆ ಹೊರಟರು.

ಹನ್ನೆರಡೂವರೆಗೆ ಕೌಂಟರಿನಾಕೆ ಸಂಖ್ಯೆ ಒತ್ತಿದಳು. "ಇವತ್ತು ನಿಮ್ಮ ಸರದಿ ಇಲ್ಲ."

"ಮಂಗಳವಾರ ಇಲ್ಲ, ಗುರುವಾರ ಇಲ್ಲ. ಹಾಗಾದ್ರೆ ಯಾವತ್ತು?" ಎಂದೆ.

"ಅದು ಇದರಲ್ಲಿ ತೋರ್ಸಲ್ಲ ಸರ್."

"ಅವರ ಕಾಲು ನೋಡಮ್ಮ." ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆಕೆಗೆ ಬೇಕಾಗಿತ್ತು. ಕಾಲು ನೋಡಲಿಲ್ಲ, ಪರದೆಯನ್ನೇ ಇನ್ನೊಮ್ಮೆ ನೋಡಿದಳು. ಎತ್ತು ಈಯಿತು ಎಂದು ಪರದೆಯಲ್ಲಿ ಬಂದಿದ್ದರೆ ಕೊಟ್ಟಿಗೆಯಲ್ಲಿ ಕಟ್ಟಿ ಎನ್ನುವವಳೇ ಆಕೆ.

ಗಾಜಿನ ಆಚೆ ಹನ್ನೆರಡು ಯಂತ್ರಗಳು. ಏಳನೆಯದು ಖಾಲಿ ನಿಂತಿತ್ತು. ಹಿರಿಯ ನರ್ಸನ್ನು ಕರೆದೆ. ಅವರಿಗೆ ಅತ್ತೆಯ ಪರಿಚಯ ಚೆನ್ನಾಗಿದೆ. ಹತ್ತಿರ ಬಂದು ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಒತ್ತಿದಲ್ಲಿ ಗುಳಿ ಬಿದ್ದದ್ದು ಹಾಗೆಯೇ ಉಳಿಯಿತು. ನರ್ಸಿನ ಮುಖ ಸಣ್ಣದಾಯಿತು.

"ಈಗಲೇ ಹಾಕ್ಬೇಕು ಇವರನ್ನ. ಆದ್ರೆ ಪರದೇಲಿ ಹೆಸರು ಬರ್ದೇ ಇದ್ರೆ ಮಶೀನ್ ಕೊಡೋ ಹಾಗಿಲ್ಲ ಅಂತ ಬರೆದು ನಮ್ಮ ಸಹಿ ತಗೊಂಡಿದಾರೆ. ಡಾಕ್ಟ್ರು ಬರೋದು ನಾಲ್ಕಕ್ಕೆ, ಫೋನ್ ಎತ್ತಿಲ್ಲ. ಒಂದೂಕಾಲಾದ್ರೆ ಈ ಮಶೀನು ಕಾಯ್ತಿರೋರಿಗೆ ಹೋಗುತ್ತೆ. ಆ ಮ್ಯಾನೇಜರ್ ಹತ್ರ ಮಾತಾಡಿ ಸರ್, ಬೇಗ."

ಗಡಿಯಾರ ಹನ್ನೆರಡು ನಲವತ್ತು ತೋರಿಸುತ್ತಿತ್ತು. ಅತ್ತೆ ಬೆನ್ನಿಲ್ಲದ ಕುರ್ಚಿಯಲ್ಲಿ ಕೂತು ಬಾಯಿಂದ ಉಸಿರಾಡುತ್ತಿದ್ದರು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ತಲೆ ಓಡುತ್ತದೆ. ಆಗ ಗಮನಿಸಿದೆ: ಸರದಿ ಇದ್ದವರ ಸಂಖ್ಯೆ ಒತ್ತಿದಾಗ ಪುಟ ಎರಡು ಕ್ಷಣ ತಡೆದು ಬರುತ್ತಿತ್ತು. ಅತ್ತೆಯ ಸಂಖ್ಯೆಗೆ ಮಾತ್ರ ಒತ್ತಿದ ತಕ್ಷಣ 'ಇಲ್ಲ'. ಒಳಗೆ ಹೋಗಿ ಹುಡುಕಿದವನು ಇಷ್ಟು ಬೇಗ ಬರುವುದಿಲ್ಲ. ಬಾಗಿಲ ತನಕ ಹೋಗಿ ವಾಪಸ್ ಬಂದ ಜವಾನ ಮಾತ್ರ ಬರುತ್ತಾನೆ.

"ಅಮ್ಮಾ, ಮೂರನೇ ಮಶೀನಲ್ಲಿ ಮಲಗಿದಾರಲ್ಲ ಅವರ ನಂಬರ್ ಒತ್ತಿ" ಎಂದೆ.

"ಯಾಕೆ ಸರ್?"

"ಒತ್ತಿ ನೋಡಿ."

ಒತ್ತಿದಳು. ಮೂರನೆಯ ಯಂತ್ರದ ಮನುಷ್ಯ ಗಾಜಿನ ಆಚೆ ಕೈಗೆ ಎರಡು ಕೊಳವೆ ಸಿಕ್ಕಿಸಿಕೊಂಡು ಗೊರಕೆ ಹೊಡೆಯುತ್ತಿದ್ದ. ಪರದೆ ಹೇಳಿತು: ಈ ಸಂಖ್ಯೆಗೆ ಇಂದು ಸರದಿ ಇಲ್ಲ.

ಕೌಂಟರಿನಾಕೆ ಪರದೆಯನ್ನು ನೋಡಿದಳು, ಆ ಮನುಷ್ಯನನ್ನು ನೋಡಿದಳು, ಮತ್ತೆ ಪರದೆ ನೋಡಿದಳು. "ಹಾಗಾದ್ರೆ ಅವರನ್ನ ಎಬ್ಬಿಸ್ಬೇಕಾ ಸರ್?"

ಹಣೆ ಚಚ್ಚಿಕೊಳ್ಳಲು ಸಮಯವಿರಲಿಲ್ಲ. ಮ್ಯಾನೇಜರನ ಕೋಣೆಗೆ ನುಗ್ಗಿದೆ. ಟೈ ಕಟ್ಟಿಕೊಂಡು ಟೈಯಷ್ಟೇ ನೇರವಾಗಿ ಕೂತಿದ್ದ.

"ವ್ಯವಸ್ಥೆ ತಪ್ಪು ಮಾಡೋಕೆ ಸಾಧ್ಯವೇ ಇಲ್ಲ" ಎಂದ. "ಮೂರು ವಾರದಿಂದ ಒಂದೇ ಒಂದು ಎರರ್ ಬಂದಿಲ್ಲ. ಬೇಕಾದ್ರೆ ನಮ್ಮ ಕಂಪ್ಯೂಟರ್ ವಿಭಾಗದವರನ್ನ ಕೇಳಿ."

"ಎರರ್ ಬಂದಿಲ್ಲ ಅಂದ್ರೆ ಎರರ್ ಇಲ್ಲ ಅಂತಲ್ಲ ಸ್ವಾಮಿ. ಎಲ್ಲಿದಾರೆ ನಿಮ್ಮ ವಿಭಾಗದವರು?"

ವಿಭಾಗದವರು ಒಬ್ಬರೇ. ಆಮ್ಲಜನಕದ ಸಿಲಿಂಡರ್ ಇಡುವ ಕೋಣೆಯ ಅರ್ಧಕ್ಕೆ ಪ್ಲೈವುಡ್ ಹೊಡೆದು ಮಾಡಿದ ಗೂಡಿನಲ್ಲಿ ಕೂತಿದ್ದರು. ನಡುವಯಸ್ಸು, ಬೋಳು ತಲೆ, ಕತ್ತಿನಲ್ಲಿ ಗುರುತಿನ ಚೀಟಿ. ಬೆನ್ನ ಹಿಂದೆ ಗೋಡೆ ಕಾಣದಷ್ಟು ಸರ್ಟಿಫಿಕೇಟುಗಳು. ನಾನು ಮುಖ ನೋಡುವ ಗೋಜಿಗೆ ಹೋಗಲಿಲ್ಲ. ಬಾಗಿಲಿನಿಂದಲೇ ಶುರುಮಾಡಿದೆ.

"ಯಾವ ಕತ್ತೆ ರೀ ಇದನ್ನ ಬರೆದಿದ್ದು? ಡೇಟಾಬೇಸಿಗೆ ಸಂಪರ್ಕ ಸಿಗ್ದೆ ಇದ್ರೆ ಸಂಪರ್ಕ ಸಿಗ್ಲಿಲ್ಲ ಅಂತ ಹೇಳ್ಬೇಕು. ಅದನ್ನ ಬಿಟ್ಟು ಸರದಿನೇ ಇಲ್ಲ ಅಂತ ಹೇಳಿ ರೋಗಿನ ಮನೆಗೆ ಕಳಿಸೋದಾ? ಇಷ್ಟೂ ಗೊತ್ತಿಲ್ದೋರಿಗೆ ಯಾರು ಪಾಠ ಮಾಡಿದ್ರೋ, ಅವರನ್ನ ಹುಡುಕಿ ಒದೀಬೇಕು ಮೊದ್ಲು!"

ಬೋಳು ತಲೆಯವನು ಎದ್ದು ನಿಂತ. ಕೈ ಕಟ್ಟಿಕೊಂಡ. ಮುಖದ ತುಂಬ ಸಂತೋಷ. "ಸರ್! ನೀವಾ ಸರ್! ನನ್ನ ಗುರುತು ಸಿಕ್ತಾ? ಟೇಪ್‌ರೆಕಾರ್ಡರ್ ಸರ್. ಎರಡನೇ ಸಾಲು, ಕಿಟಕಿ ಪಕ್ಕ."

ಸಿಕ್ಕಿತು. ನಾನೇ ಇಟ್ಟ ಅಡ್ಡಹೆಸರು. ಹನ್ನೆರಡು ವರ್ಷದ ಹಿಂದಿನ ತಂಡ. ನಾನು ಬಾಯಿಂದ ಬಿಟ್ಟದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದ ಪ್ರಾಣಿ. ಪಾಠ ಯಾವುದು, ಹರಟೆ ಯಾವುದು ಎಂಬ ವ್ಯತ್ಯಾಸವೇ ಅವನಿಗಿರಲಿಲ್ಲ. ಒಮ್ಮೆ ಅವನ ನೋಟ್‌ಬುಕ್ಕನ್ನು ಎತ್ತಿ ಇಡೀ ತರಗತಿಗೆ ಓದಿ ಹೇಳಿದ್ದೆ: 'ಸರ್ ನೀರು ಕುಡಿದರು' ಎಂದು ಬರೆದುಕೊಂಡಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

"ನೆನಪು ಆಮೇಲೆ. ಮೊದ್ಲು ಆ ಪುಟದ ಕೋಡ್ ತೆಗಿ" ಎಂದೆ. ಮೂಲ ಬರಹವನ್ನು ನೋಡದೆ ರೋಗ ಹೇಳುವವನು ನಾನಲ್ಲ.

ತೆಗೆದ. ಡೇಟಾಬೇಸು ಎಂದರೆ ಒಳಕೋಣೆ; ಎಲ್ಲ ರೋಗಿಗಳ ವಾರ, ವೇಳೆ ಅಲ್ಲಿ ಭದ್ರವಾಗಿರುತ್ತದೆ. ಕೌಂಟರಿನ ಪುಟ ಪ್ರತಿ ಸಲವೂ ಅದರ ಬಾಗಿಲು ತಟ್ಟಿ ಕೇಳಬೇಕು. ಬಾಗಿಲು ತೆರೆಯದಿದ್ದರೆ ಪಿಎಚ್‌ಪಿ ತಾನಾಗಿಯೇ ಕಿರುಚಿ ಹೇಳುತ್ತದೆ, ಯಾಕೆ ತೆರೆಯಲಿಲ್ಲ ಎಂಬುದನ್ನೂ ಹೇಳುತ್ತದೆ. ಆದರೆ ಆ ಸಾಲಿನ ಮುಂದೆ ಒಂದು @ ಚಿಹ್ನೆ ಇಟ್ಟರೆ ಅದರ ಬಾಯಿ ಮುಚ್ಚುತ್ತದೆ. ಇಲ್ಲಿ ಇಟ್ಟಿತ್ತು. ಅದರ ಕೆಳಗೆ, ಬಾಗಿಲು ತೆರೆಯದಿದ್ದರೆ ಏನು ಮಾಡಬೇಕು ಎಂಬಲ್ಲಿ, 'ಸರದಿ ಇಲ್ಲ' ಎಂದು ತೋರಿಸುವ ಸಾಲು. ಸಂಪರ್ಕದ ಹೆಸರು 'ಬಾಗಿಲು'. ಇಪ್ಪತ್ತೆರಡು ವರ್ಷದಿಂದ ಕರಿಹಲಗೆಯ ಮೇಲೆ ನಾನು ಬರೆಯುವ ಹೆಸರೂ ಅದೇ.

ಪಕ್ಕದಲ್ಲಿ ಟಿಪ್ಪಣಿ ಇತ್ತು. ಕೋಡು ಬರೆಯುವವರು ತಮ್ಮ ನೆನಪಿಗೆಂದು ಬರೆದಿಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಓದಿದೆ.

'ಬಾಗಿಲು ತಟ್ಟು. ತೆರೆಯದಿದ್ದರೆ ಸುಮ್ಮನೆ ವಾಪಸ್ ಬಾ, ಬೀದಿಯವರ ಮುಂದೆ ಮರ್ಯಾದೆ ಕಳೆದುಕೊಳ್ಳಬೇಡ. ಏನೂ ಇಲ್ಲ ಅಂತ ಹೇಳಿ ಕಳಿಸು. ನೋಡುವವನಿಗೆ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತೆ? (ಸರ್ ಇಲ್ಲಿ ನಕ್ಕರು.)'

ಆಕಾಶಕ್ಕೆ ಉಗುಳಿದರೆ ಎಲ್ಲಿ ಬೀಳುತ್ತದೆಂದು ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಆ ಪ್ಲೈವುಡ್ಡಿನ ಗೂಡಿನಲ್ಲಿ ಮುಖ ಒರೆಸಿಕೊಳ್ಳುತ್ತ ನಿಂತೆ.

"ನಿಮ್ಮ ಮಾತು ಒಂದೂ ಬಿಟ್ಟಿಲ್ಲ ಸರ್" ಎಂದ ಟೇಪ್‌ರೆಕಾರ್ಡರ್. ವ್ಯಂಗ್ಯವಿರಲಿಲ್ಲ. ವ್ಯಂಗ್ಯ ಅವನಿಗೆ ಆಗಲೂ ಬರುತ್ತಿರಲಿಲ್ಲ. "ನೋಟ್‌ಬುಕ್ ಇನ್ನೂ ಇಟ್ಕೊಂಡಿದೀನಿ. ನಮ್ಮ ಮ್ಯಾನೇಜರ್ ಒಂದು ಎರರೂ ಕಾಣ್ಬಾರ್ದು ಅಂದ್ರು. ನಿಮ್ಮ ಈ ಪಾಠ ನೆನಪಾಯ್ತು."

ಅದು ಪಾಠವಲ್ಲ, ತಮಾಷೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟು ಹೊತ್ತಿಗೆ ಒಂದು ಗಂಟೆ ಹೊಡೆಯಿತು. ಬಾಯಿ ಮುಚ್ಚಿ, ಅವನನ್ನು ಪಕ್ಕಕ್ಕೆ ಸರಿಸಿ, ನಾನೇ ಕೀಬೋರ್ಡಿನ ಮುಂದೆ ಕೂತೆ. @ ಚಿಹ್ನೆಯನ್ನು ಅಳಿಸಿ ಪುಟವನ್ನು ಮತ್ತೆ ತೆರೆದೆ. ಮೂರು ವಾರ ಬಾಯಿ ಕಟ್ಟಿಸಿಕೊಂಡಿದ್ದ ಎರರು ಪರದೆಯ ತುಂಬ ಬಂದು ಕೂತಿತು: ಸಂಪರ್ಕಗಳು ಮಿತಿ ಮೀರಿವೆ.

"ಒಂದೇ ಸಲಕ್ಕೆ ಎಷ್ಟು ಜನರನ್ನ ಒಳಗೆ ಬಿಡುತ್ತೆ ಇದು?"

"ಮೂವತ್ತು ಸರ್."

"ಕೌಂಟರುಗಳು ಎಷ್ಟು?"

"ನಾಲ್ಕು."

"ನಾಲ್ಕು ಕೌಂಟರಿಗೆ ಮೂವತ್ತು ಜಾಗ ಸಾಲ್ದಾ? ಉಳಿದಿದ್ದನ್ನ ಯಾರು ಹಿಡ್ಕೊಂಡಿದಾರೆ?"

ಅವನು ತಲೆ ಕೆರೆದುಕೊಂಡ. ಒಳಗೆ ಯಾರ್ಯಾರು ಕೂತಿದ್ದಾರೆಂದು ಡೇಟಾಬೇಸಿನ ಪಟ್ಟಿ ತೆಗೆಸಿದೆ. ಟಿವಿಗಳು. ಐದು ಟಿವಿಗಳು ಐದು ಸೆಕೆಂಡಿಗೊಮ್ಮೆ ಬಾಗಿಲು ತಟ್ಟಿ ಒಳಗೆ ಹೋಗುತ್ತಿದ್ದವು, ಹೋದವು ಹೊರಗೆ ಬರುತ್ತಲೇ ಇರಲಿಲ್ಲ. ಮತ್ತೆ ಮತ್ತೆ ತಟ್ಟುವ ಕಷ್ಟ ಬೇಡವೆಂದು ಸಂಪರ್ಕವನ್ನು ಹಿಡಿದೇ ಇಟ್ಟುಕೊಳ್ಳುವ ಏರ್ಪಾಡು ಮಾಡಿದ್ದ. ಕೆಲಸವಿಲ್ಲದೆ ಒಳಗೆ ಕೂತ ಇಪ್ಪತ್ತೇಳು ಸಂಪರ್ಕ. ಉಳಿದ ಮೂರು ಜಾಗಕ್ಕೆ ಪಾಳಿ ಬದಲಾಗುವ ಮಧ್ಯಾಹ್ನದ ಹೊತ್ತಲ್ಲಿ ನಾಲ್ಕು ಕೌಂಟರುಗಳ ನೂಕುನುಗ್ಗಲು. ನೂಕಿದವರಿಗೆ ಸರದಿ ಸಿಕ್ಕಿತು, ಆ ಕ್ಷಣಕ್ಕೆ ಬಾಗಿಲು ಸಿಗದವರಿಗೆ ಸರದಿಯೇ ಇಲ್ಲ. ಅದೃಷ್ಟಹೀನರು ಯಾರು ಎಂದು ಆರಿಸುವುದಕ್ಕೆ ಇದಕ್ಕಿಂತ ನಾಜೂಕಾದ ಯಂತ್ರ ಇರಲಾರದು.

"ಟಿವಿ ಎಲ್ಲಾ ಆರಿಸು. ಹೋಗು."

"ಮ್ಯಾನೇಜರ್ ಬೈತಾರೆ ಸರ್. ಉದ್ಘಾಟನೆ ಆಗಿರೋ ಟಿವಿಗಳು."

ಆ ಸಂಪರ್ಕಗಳನ್ನು ಹಿಡಿದಿಡುವ ಏರ್ಪಾಡನ್ನು ನಾನು ತೆಗೆದುಹಾಕಿದೆ, ವೆಬ್ ಸರ್ವರನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಒಳಗೆ ಬೇರು ಬಿಟ್ಟಿದ್ದ ಇಪ್ಪತ್ತೇಳೂ ಹೊರಬಿದ್ದವು. ಹಾಲಿಗೆ ಓಡಿ ಬಂದು ಟಿವಿಗಳ ಪ್ಲಗ್ಗನ್ನು ಒಂದೊಂದಾಗಿ ನಾನೇ ಕಿತ್ತೆ. ಮ್ಯಾನೇಜರ್ ಟೈ ಹಿಡಿದುಕೊಂಡು ಹಿಂದೆ ಹಿಂದೆ ಬಂದ. ಅವನು ಏನೇನೋ ಹೇಳುತ್ತಿದ್ದ, ನಾನು ಕೇಳಿಸಿಕೊಳ್ಳಲಿಲ್ಲ.

"ಈಗ ಒತ್ತಮ್ಮ."

ಒತ್ತಿದಳು. ಎರಡು ಕ್ಷಣ ತಡೆಯಿತು. ನನ್ನ ಬದುಕಿನಲ್ಲಿ ಅಷ್ಟು ಇಷ್ಟಪಟ್ಟು ನಾನು ಯಾವುದಕ್ಕೂ ಕಾದಿಲ್ಲ. ಆಮೇಲೆ ಬಂತು: ಮಂಗಳವಾರ, ಗುರುವಾರ, ಶನಿವಾರ. ಹನ್ನೆರಡೂವರೆ. ಯಂತ್ರ ಏಳು.

"ಅಯ್ಯೋ, ಇದೆ!" ಎಂದಳು ಕೌಂಟರಿನಾಕೆ, ತಾನೇ ಹುಡುಕಿ ಕೊಟ್ಟವಳಂತೆ. ಹಿರಿಯ ನರ್ಸ್ ಆಗಲೇ ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಿದ್ದರು. ಒಂದು ಗಂಟೆ ಹನ್ನೊಂದು ನಿಮಿಷ.

ಆಮೇಲೆ ಕೆಲಸ ಮುಗಿಯಿತೆಂದು ನಾನು ಹೊರಗೆ ಹೋಗಿ ಚಹಾ ಕುಡಿಯಬಹುದಿತ್ತು. ಟೇಪ್‌ರೆಕಾರ್ಡರನನ್ನು ನಾಲ್ಕು ಜನರ ಮುಂದೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಮ್ಯಾನೇಜರ್ ಅದನ್ನೇ ಮಾಡುತ್ತಿದ್ದ. ಆ ಬೋಳು ತಲೆಯವನು ಕೈ ಕಟ್ಟಿ ನಿಂತು, "ತಪ್ಪಾಯ್ತು ಸರ್, ನಾನೇ ಸರಿಯಾಗಿ ಕಲೀಲಿಲ್ಲ" ಎನ್ನುತ್ತಿದ್ದ. ನನ್ನ ಕಡೆ ಬೆರಳು ತೋರಿಸಲಿಲ್ಲ. ಮೂರ್ಖರಿಗೆ ಇಂಥದ್ದೊಂದು ದೊಡ್ಡ ಗುಣ ಇರುತ್ತದೆ, ಬುದ್ಧಿವಂತರಾದ ನಮಗೆ ಇರುವುದಿಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಯಿತು. "ಅವನು ಸರಿಯಾಗೇ ಕಲ್ತಿದಾನೆ. ಕಲಿಸಿದ್ದು ನಾನು" ಎಂದು ಮ್ಯಾನೇಜರನಿಗೆ ಹೇಳಿ ಒಳಗೆ ಹೋದೆ.

ಅತ್ತೆಯ ಕೈಯಿಂದ ಹೊರಟ ಕೆಂಪು ಕೊಳವೆ ಯಂತ್ರದೊಳಗೆ ಸೇರಿತ್ತು. ಉಸಿರು ಇನ್ನೂ ಮೇಲಕ್ಕೇ ಇತ್ತು, ಆದರೆ ಕಣ್ಣು ತೆರೆದಿದ್ದರು. ಪಕ್ಕದ ಸ್ಟೂಲಿನಲ್ಲಿ ಕೂತೆ.

"ಏನಾಗಿತ್ತಂತೆ?" ಎಂದರು.

ಹೇಳಿದೆ. ಮೊದಲು ಟಿವಿಗಳಿಂದ ಶುರುಮಾಡಿದೆ, ಯಾಕೆಂದರೆ ಅದು ಸುಲಭವಾಗಿತ್ತು. ಅವರು ಅರ್ಧಕ್ಕೇ ತಡೆದರು.

"ಲೈನ್ ಖಾಲಿ ಇರ್ಲಿಲ್ಲ, ಅಷ್ಟೇ ತಾನೆ? ಅದೇನೂ ದೊಡ್ಡ ವಿಷಯ ಅಲ್ಲ. ನಮ್ಮ ಎಕ್ಸ್‌ಚೇಂಜ್ ಬೋರ್ಡಲ್ಲೂ ಹನ್ನೆರಡೇ ಲೈನ್ ಇದ್ದಿದ್ದು. ಲೈನ್ ಸಿಗ್ದಿದ್ರೆ ಏನು ಹೇಳ್ತಿದ್ವಿ? 'ಲೈನ್ ಬಿಜಿ ಇದೆ, ಕಾಯ್ತೀರಾ?' ಅಂತಿದ್ವಿ. 'ಆ ಊರಲ್ಲಿ ಅಂಥವರು ಯಾರೂ ಇಲ್ಲ' ಅಂತ ಒಬ್ಬಳು ಅಂದಿದ್ರೂ ಅವತ್ತೇ ಕೆಲಸದಿಂದ ತೆಗೀತಿದ್ರು. ಫೋನ್ ಹಿಡಿದವರ ತಾಯಿ ಆಸ್ಪತ್ರೇಲಿ ಇರ್ತಿದ್ರು, ಮಗ ಎಲ್ಲೋ ದೂರ ಇರ್ತಿದ್ದ. 'ಇಲ್ಲ' ಅಂತ ಹೇಳೋಕೆ ನಮಗೇನು ಅಧಿಕಾರ? ಇದನ್ನ ಬರೆದ ಮಹಾನುಭಾವರು ಯಾರು?"

"ಬರೆದವನು ಬೇರೆ. ಹೇಳಿಕೊಟ್ಟಿದ್ದು ನಾನು."

ಟಿಪ್ಪಣಿಯನ್ನು ನೆನಪಿನಿಂದ ಹೇಳಿದೆ. ನೋಡುವವನಿಗೆ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತೆ, ಎಂಬಲ್ಲಿಯವರೆಗೂ ಹೇಳಿದೆ. ಕೊನೆಯ ಆವರಣದ ಮಾತನ್ನು ಬಿಟ್ಟುಬಿಡೋಣ ಎನಿಸಿತು. ಬಿಡಲಿಲ್ಲ.

"ನಕ್ಕಿದ್ರಾ?" ಎಂದರು.

"ನಕ್ಕಿದ್ದೆ."

ಯಂತ್ರದ ಚಕ್ರ ತಿರುಗುತ್ತಿತ್ತು. ಅತ್ತೆ ಮುಖವನ್ನು ಗೋಡೆಯ ಕಡೆ ಮಾಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ನಾನು ಬೇರೆ ಏನೋ ಅಂದ್ಕೊಂಡಿದ್ದೆ ಅಳಿಯಂದಿರೇ" ಎಂದರು ಗೋಡೆಗೆ. "ನೀವೇ ನನ್ನ ಹೆಸರು ತೆಗ್ಸಿದೀರ ಅಂದ್ಕೊಂಡಿದ್ದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಅಡುಗೆಮನೇಲಿ ನೀವು ಹೇಳಿದ್ದು ಕೇಳಿಸ್ತು. ಎಷ್ಟು ದಿನ ಅಂತ ಕೇಳಿದ್ರಲ್ಲ. ಆಮೇಲೆ ಮಂಗಳವಾರ ಇಲ್ಲಿ ಬಂದ್ರೆ ನನ್ನ ಹೆಸರೇ ಇಲ್ಲ. ಎಲ್ಲರದ್ದೂ ಇದೆ, ನನ್ನದು ಮಾತ್ರ ಇಲ್ಲ. ನೀವು ಕಂಪ್ಯೂಟರ್ ಬಲ್ಲವರು. ನನಗೆ ಗೊಂದಲ ಆಗಿದೆ ಅಂತ ಬೇರೆ ಹೇಳಿ, ಕೈ ಹಿಡಿದು ಕರ್ಕೊಂಡು ಹೋದ್ರಿ. ಸರಿ, ಇವರಿಗೆ ಸಾಕಾಗಿದೆ, ಆಗ್ಲಿ ಅಂದ್ಕೊಂಡೆ."

"ಅತ್ತೆ! ಒಂದು ಮಾತು ಕೇಳ್ಬಾರ್ದಿತ್ತಾ? ನಿಮ್ಮ ಮಗಳಿಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅವಳು ನಿಮ್ಮ ಜೊತೆ ಹೇಗೆ ಬಾಳ್ತಿದ್ಲು?"

ಉಸಿರು ಕಟ್ಟುತ್ತಿದ್ದರೂ ಎರಡು ದಿನ, ದಿಂಬಿಗೆ ಒರಗಿ, ನನ್ನ ಸಂಸಾರವನ್ನು ಉಳಿಸಲು ಈ ಹೆಂಗಸು ಬಾಯಿ ಮುಚ್ಚಿಕೊಂಡು ಕೂತಿದ್ದರು. ನಾನು ಆಗ ಪಕ್ಕದ ಕೋಣೆಯಲ್ಲಿ ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುತ್ತ, ಅವರ ದಡ್ಡತನಕ್ಕೆ ಒಬ್ಬನೇ ನಗುತ್ತಿದ್ದೆ. ನನಗೆ ಅಳು ಬಂತು. ಡಯಾಲಿಸಿಸ್ ಕೋಣೆಯಲ್ಲಿ ಹನ್ನೊಂದು ಜನ ಅಪರಿಚಿತರ ಮುಂದೆ ಐವತ್ತು ದಾಟಿದ ಗಂಡಸು ನಾನು ಅತ್ತುಬಿಟ್ಟೆ. ಮೂರನೆಯ ಯಂತ್ರದವನು ಗೊರಕೆ ನಿಲ್ಲಿಸಿ ನೋಡಿದ.

"ಸಾಕು" ಎಂದರು ಅತ್ತೆ. "ಮೂಗು ಒರೆಸ್ಕೊಳ್ಳಿ. ನಿಮ್ಮ ಶಿಷ್ಯರು ಬಂದಿದಾರೆ."

ಬಾಗಿಲಲ್ಲಿ ಟೇಪ್‌ರೆಕಾರ್ಡರ್ ನಿಂತಿದ್ದ. ಎದೆಗೆ ಲ್ಯಾಪ್‌ಟಾಪ್ ಅವುಚಿಕೊಂಡಿದ್ದ. "ಸರ್, ಆ ಸಾಲು ಅಳಿಸಿದೆ. ಇನ್ನು ಸಂಪರ್ಕ ಸಿಗ್ದೆ ಇದ್ರೆ ಏನು ತೋರಿಸ್ಲಿ? ಹೇಳಿ, ಬರ್ಕೋತೀನಿ."

ಇಪ್ಪತ್ತೆರಡು ವರ್ಷ ಮಾತೇ ಜೀವನವಾಗಿದ್ದವನಿಗೆ ಒಂದು ವಾಕ್ಯ ಹೊಳೆಯಲಿಲ್ಲ. ಲ್ಯಾಪ್‌ಟಾಪನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡೆ. "ಅತ್ತೆ, ನೀವೇ ಹೇಳಿ. ನಿಮ್ಮ ಬೋರ್ಡಿನ ಮುಂದೆ ಕೂತಿದ್ದೀರಿ. ಲೈನ್ ಸಿಕ್ತಿಲ್ಲ. ಆ ಕಡೆ ಒಬ್ಬರು ಕಾಯ್ತಿದಾರೆ."

ಅವರು ಕಣ್ಣು ಮುಚ್ಚಿದರು. ಹೇಳುವಾಗ ಧ್ವನಿ ಬದಲಾಯಿತು. ನಾನು ಎಂದೂ ಕೇಳದ, ಮೂವತ್ತೊಂದು ವರ್ಷ ಯಾರ್ಯಾರೋ ಕೇಳಿದ್ದ ಧ್ವನಿ ಅದು.

"ಲೈನ್ ಸಿಗುತ್ತಿಲ್ಲ. ತಪ್ಪು ನಮ್ಮದು, ನಿಮ್ಮದಲ್ಲ. ದಯವಿಟ್ಟು ಎದ್ದು ಹೋಗಬೇಡಿ."

ಹಾಗೆಯೇ ಟೈಪ್ ಮಾಡಿದೆ. ಟೇಪ್‌ರೆಕಾರ್ಡರ್ ತನ್ನ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಅದರಲ್ಲೂ ಬರೆದುಕೊಂಡ. ಈ ಸಲ ನಾನು ನಗಲಿಲ್ಲ.

"ಅಷ್ಟೇನಾ ಅತ್ತೆ?"

"ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ ಅಳಿಯಂದಿರೇ" ಎಂದರು ಕಣ್ಣು ತೆರೆಯದೆ.

ಹಾಕಿದೆ.